ಪಾದಗಳ ಅರಿವೂ ದೇಹದ ಸಮತೋಲವೂ

ಮೂರು ವರ್ಷಗಳ ಹಿಂದೆ ನನ್ನ ತಾಯಿಯವರು ಬೆಳಗಿನ ಹೊತ್ತು ಬಚ್ಚಲುಮನೆಯಲ್ಲಿ ಮುಖ ತೊಳೆಯುತ್ತಿರುವಾಗ ಬಿದ್ದರು. ಅದೇ ತಿಂಗಳಲ್ಲಿ, ಅದೇ ಸ್ಥಳದಲ್ಲಿ, ಮುಖಕ್ಕೆ ಸಾಬೂನು ಹಚ್ಚಿಕೊಂಡಿರುವಾಗಲೇ ಮತ್ತೊಮ್ಮೆ ಬಿದ್ದರು. ನೆಲ ಜಾರುವುದೆಂದು ಭಾವಿಸಿ ನಾವು ಅದನ್ನು ಉಜ್ಜಿಸಿದೆವು. ತಲೆಸುತ್ತೆಂದು ಭಾವಿಸಿ ವೈದ್ಯರೊಬ್ಬರು ಗುಳಿಗೆಗಳನ್ನು ಕೊಟ್ಟರು. “ನನಗೆ ತಲೆ ಸುತ್ತುವುದಿಲ್ಲ, ಕಾಲೇ ನಿಲ್ಲುವುದಿಲ್ಲ” ಎಂದು ತಾಯಿಯವರು ಹೇಳಿದ ಮಾತಿಗೆ ಯಾರೂ ಕಿವಿಗೊಡಲಿಲ್ಲ. ಹುಡುಗಿಯರು ಹೇಳುವುದನ್ನು ಪೂರ್ತಿಯಾಗಿ ಕೇಳಿರೆಂದು ಉಪಾಧ್ಯಾಯಿನಿಯರಿಗೆ ದಿನವೂ ಬುದ್ಧಿ ಹೇಳುವ ನಾನೂ ಕೇಳಲಿಲ್ಲ. ಕಡೆಗೆ ನರರೋಗತಜ್ಞರೊಬ್ಬರ ಬಳಿಗೆ ಕರೆದೊಯ್ದಾಗ, ಅವರು ನಡೆಸಿದ ಪರೀಕ್ಷೆಗಳನ್ನು ಹತ್ತಿರದಿಂದ ನೋಡುವ ಸಂದರ್ಭವು ನನಗೆ ದೊರೆಯಿತು. ಮನೆಯಲ್ಲಿ ವೃದ್ಧರುಳ್ಳ ನಮ್ಮ ಹಳೆಯ ವಿದ್ಯಾರ್ಥಿನಿಯರಿಗೂ ಪೋಷಕರಿಗೂ ಉಪಯುಕ್ತವಾದೀತೆಂದು ಅವುಗಳನ್ನು ಇಲ್ಲಿ ವಿವರಿಸುತ್ತೇನೆ.

ನಾವು ಬೀಳದೆ ನಿಲ್ಲುವುದು ಮೂರು ಕಡೆಗಳಿಂದ ಮೆದುಳಿಗೆ ಬರುವ ಸುದ್ದಿಯ ಬಲದಿಂದ. ಕಣ್ಣು ಒಂದು, ಒಳಗಿವಿಯಲ್ಲಿರುವ ಸೂಕ್ಷ್ಮವಾದ ಅಂಗವೊಂದು, ಪಾದ ಮತ್ತು ಕೀಲುಗಳಲ್ಲಿರುವ ಅರಿವು ಮೂರನೆಯದು. ಒಂದು ಕೆಟ್ಟರೂ ಉಳಿದೆರಡು ಹೇಗೋ ನಿಭಾಯಿಸಿಕೊಂಡು ಹೋಗುವುವು. ಪಾದಗಳ ಅರಿವು ಕುಂದಿದವರು ನೆಲವನ್ನು ನೋಡಿಕೊಂಡು ಹಗಲೆಲ್ಲ ನಡೆದಾಡುವರು. ಆದರೆ ದೀಪವಾರಿದಾಗಲೂ ಮುಖ ತೊಳೆಯಲು ಕಣ್ಣು ಮುಚ್ಚಿದಾಗಲೂ ಅವರಿಗೆ ಆಧಾರವೇ ತಪ್ಪುವುದು.

ಬರ್ಲಿನ್ ನಗರದ ವೈದ್ಯನಾದ ಮೋರಿಟ್ಸ್ ರಾಂಬರ್ಗ್ ಎಂಬಾತನು 1840 ಮತ್ತು 1846ರ ನಡುವೆ ಪ್ರಕಟಿಸಿದ ನರರೋಗಗಳ ಗ್ರಂಥದಲ್ಲಿ, ಬೆನ್ನುಹುರಿ ಕ್ಷಯಿಸಿದ ರೋಗಿಗಳು ನಿಂತಲ್ಲಿ ಕಣ್ಣು ಮುಚ್ಚಿದೊಡನೆ ತೂರಾಡುವುದನ್ನು ವರ್ಣಿಸಿದನು. ಆತನ ಹೆಸರಿನ ಪರೀಕ್ಷೆಯು ಇಂದಿಗೂ ನಡೆಯುತ್ತಿದೆ. ರೋಗಿಯು ಎರಡು ಪಾದಗಳನ್ನೂ ಕೂಡಿಸಿ ಮೊದಲು ಕಣ್ಣು ತೆರೆದು ನಿಲ್ಲಬೇಕು, ಅನಂತರ ಮುಚ್ಚಬೇಕು. ಕಣ್ಣು ತೆರೆದಿರುವಾಗಲೇ ನಿಲ್ಲಲಾರದವರ ದೋಷವು ಅನೇಕ ವೇಳೆ ಕಿರುಮೆದುಳಿನಲ್ಲಿರುವುದು. ಅವರ ವಿಷಯದಲ್ಲಿ ಈ ಪರೀಕ್ಷೆಯು ಏನನ್ನೂ ತಿಳಿಸದು. “ಅಮ್ಮಾ, ಹೆದರಬೇಡಿ, ನಾನು ಹಿಡಿದುಕೊಳ್ಳುತ್ತೇನೆ” ಎಂದು ವೈದ್ಯರು ಎರಡು ಕೈಗಳನ್ನೂ ಚಾಚಿ ಪಕ್ಕದಲ್ಲಿ ನಿಂತರು. ತಾಯಿಯವರು ಕಣ್ಣು ಮುಚ್ಚಿ ಐದು ಎಣಿಸುವಷ್ಟರಲ್ಲಿ ಆ ಕೈಗಳ ಮೇಲೆ ಒರಗಿದರು. ಬಚ್ಚಲುಮನೆಯಲ್ಲಿ ನಡೆದದ್ದೇನೆಂದು ನನಗೆ ಆಗ ಹೊಳೆಯಿತು.

ಒಳಗಿವಿಯ ದೋಷದಿಂದಲೂ ಹೀಗೆ ತೂಗಾಡುವುದುಂಟು. ಆದುದರಿಂದ ಪಾದಗಳನ್ನೇ ವಿಚಾರಿಸಬೇಕಾಗುವುದು. ನಮ್ಮ ವಿಜ್ಞಾನದ ಕೊಠಡಿಯಲ್ಲಿರುವಂಥ ಶ್ರುತಿಕವೆಯನ್ನೇ, ಆದರೆ ಸೆಕೆಂಡಿಗೆ 128 ಸಲ ಕಂಪಿಸುವುದನ್ನು, ವೈದ್ಯರು ಬಳಸಿದರು. ಅದನ್ನು ಮಿಡಿದು ಮೊದಲು ಎದೆಯ ಎಲುಬಿಗೆ ತಾಗಿಸಿ ಕಂಪನವೆಂದರೇನೆಂದು ರೋಗಿಗೆ ಪರಿಚಯ ಮಾಡಿಸಿದರು. ಇದಿಲ್ಲದಿದ್ದರೆ ಲೋಹದ ತಂಪನ್ನೇ ಕಂಪನವೆಂದು ಹೇಳಿಬಿಡುವರಂತೆ. ಬಳಿಕ ಹೆಬ್ಬೆರಳಿನ ಎಲುಬು, ಕಾಲಿನ ಗಿಣ್ಣು, ಮೊಣಕಾಲು ಹೀಗೆ ಮೇಲಕ್ಕೆ ಬಂದರು. ನಡುನಡುವೆ ಮಿಡಿಯದ ಕವೆಯನ್ನೂ ಇಟ್ಟು ನೋಡಿದರು. ಊಹಿಸಿ ಉತ್ತರ ಹೇಳುವ ಮಕ್ಕಳನ್ನು ನಾವು ಕಂಡುಹಿಡಿಯುವುದೂ ಹೀಗೆಯೇ ಅಲ್ಲವೇ! ತಾಯಿಯವರಿಗೆ ಮೊಣಕಾಲಿನವರೆಗೆ ಏನೂ ತಿಳಿಯಲಿಲ್ಲ.

ಅನಂತರ ಹೆಬ್ಬೆರಳನ್ನು ಎರಡು ಪಕ್ಕಗಳಿಂದ ಹಿಡಿದು, ಸ್ವಲ್ಪ ಮೇಲಕ್ಕೋ ಕೆಳಕ್ಕೋ ಸರಿಸಿ, ಯಾವ ಕಡೆಗೆಂದು ಕೇಳಿದರು. ಮೇಲೆ ಕೆಳಗೆ ಹಿಡಿದರೆ ಒತ್ತಡದಿಂದಲೇ ಉತ್ತರ ಹೊಳೆಯುವುದು. ಅದಕ್ಕೂ ತಪ್ಪು ಉತ್ತರಗಳೇ ಬಂದುವು. ಹೊಸ ಗುಂಡುಸೂಜಿಯ ಮೊನೆಯನ್ನು ಮಾತ್ರ ತಾಯಿಯವರು ಬಹುಮಟ್ಟಿಗೆ ಸರಿಯಾಗಿಯೇ ಗುರುತಿಸಿದರು. 10 ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆಯನ್ನು ಅಂಗಾಲಿಗೆ ತಾಗಿಸುವ ಪರೀಕ್ಷೆಯೂ ಒಂದುಂಟು. ಸಿಹಿಮೂತ್ರ ರೋಗಿಗಳೆಲ್ಲರೂ ವರ್ಷಕ್ಕೊಮ್ಮೆಯಾದರೂ ಅದನ್ನು ಮಾಡಿಸಿಕೊಳ್ಳುವುದು ಲೇಸು.

ಕಂಪನವೂ ಕೀಲಿನ ಅರಿವೂ ಬೆನ್ನುಹುರಿಯ ಹಿಂಭಾಗದಲ್ಲಿ ಮೇಲೇರುವುವು. ನೋವು, ಬಿಸಿ, ತಂಪುಗಳು ಬೇರೆ ದಾರಿಯನ್ನು ಹಿಡಿಯುವುವು. ಮೊದಲನೆಯ ದಾರಿ ಮಾತ್ರ ಹೆಚ್ಚಾಗಿ ಕೆಟ್ಟಿದ್ದರೆ ವೈದ್ಯರು ಸಂದೇಹಿಸುವ ಕಾರಣಗಳಲ್ಲಿ ಬಿ-12 ಎಂಬ ಜೀವಸತ್ವದ ಕೊರತೆಯು ಮುಖ್ಯವಾದುದು. (ಅದರ ಅಣುರಚನೆಯನ್ನು ಬಿಡಿಸಿದವರು 1964ರಲ್ಲಿ ನೊಬೆಲ್ ಬಹುಮಾನ ಪಡೆದ ಡೊರೊಥಿ ಹಾಡ್ಜ್‌ಕಿನ್ ಎಂಬ ಮಹಿಳೆಯೆಂಬುದನ್ನು ನಮ್ಮ ಹುಡುಗಿಯರು ತಿಳಿದಿರಲಿ.) ಈ ಸತ್ವವು ಸಸ್ಯಾಹಾರದಲ್ಲಿ ಹಾಲು ಮೊಸರುಗಳಿಂದಲ್ಲದೆ ಸಾಮಾನ್ಯವಾಗಿ ದೊರೆಯದು. ಸಿಹಿಮೂತ್ರಕ್ಕೆ ಮೆಟ್‌ಫಾರ್ಮಿನ್ ಗುಳಿಗೆಯನ್ನು ಬಹುವರ್ಷ ಸೇವಿಸಿದವರಲ್ಲಿಯೂ ಕೆಲವರಿಗೆ ಅದು ಕಡಿಮೆಯಾಗುವುದು. ತಾಯಿಯವರು ಆ ಗುಳಿಗೆಯನ್ನು ಹನ್ನೆರಡು ವರ್ಷಗಳಿಂದ ತೆಗೆದುಕೊಳ್ಳುತ್ತಿದ್ದರು. ರಕ್ತಪರೀಕ್ಷೆಯಲ್ಲಿ ಕೊರತೆಯು ಸ್ಥಿರಪಟ್ಟಿತು.

ಸೂಜಿಮದ್ದು ಆರಂಭವಾಗಿ ಆರು ತಿಂಗಳಾದಾಗ ಗಿಣ್ಣಿನಲ್ಲಿ ಕಂಪನವು ಮಂದವಾಗಿ ತಿಳಿಯತೊಡಗಿತು. ಹೆಬ್ಬೆರಳಿನಲ್ಲಿ ಈಗಲೂ ತಿಳಿಯದು. ಬಹುಕಾಲ ತಡವಾದುದರಿಂದ ಅಷ್ಟು ಭಾಗ ಮರಳಿ ಬಾರದಿರಬಹುದೆಂದು ವೈದ್ಯರು ಮುಚ್ಚುಮರೆಯಿಲ್ಲದೆ ಹೇಳಿದರು. ಬಚ್ಚಲುಮನೆಯ ಗೋಡೆಗೆ ಹಿಡಿಯನ್ನು ಹಾಕಿಸಿದ್ದೇವೆ. ರಾತ್ರಿ ಸಣ್ಣ ದೀಪವೊಂದು ಉರಿಯುತ್ತಿರುವುದು. ತಾಯಿಯವರು ಈಗ ಒಂದೇ ಕೈಯಿಂದ ಮುಖ ತೊಳೆಯುತ್ತಾರೆ, ಇನ್ನೊಂದು ಕೈ ಆ ಹಿಡಿಯ ಮೇಲಿರುತ್ತದೆ.