ನಾಣ್ಯದ ದರ್ಜೆಯೂ ಮೌಲ್ಯವೂ

ಪಿತ್ರಾರ್ಜಿತವಾದ ಹೊಲವನ್ನು ಅಳೆದು ಪಾಲುಮಾಡಬಹುದು. ಒಡವೆಯನ್ನು ತೂಗಿ ಪಾಲುಮಾಡಬಹುದು. ಹಿರಿಯರ ಪೆಟ್ಟಿಗೆಯಲ್ಲಿ ದೊರೆತ ಹಳೆಯ ನಾಣ್ಯವಾದರೋ ಈ ಎರಡು ಮಾನಗಳಿಗೂ ಒಳಪಡುವುದಿಲ್ಲ. ಅದು ಪರೀಕ್ಷಕ ಸಂಸ್ಥೆಯೊಂದರ ಪಾರದರ್ಶಕವಾದ ಕೋಶದಲ್ಲಿದ್ದು, ಅದರ ಚೀಟಿಯ ಮೇಲೆ ದರ್ಜೆಯ ಅಂಕಿಯೊಂದು ಅಚ್ಚಾಗಿದ್ದರಂತೂ, ಆ ಅಂಕಿಯೇ ಬೆಲೆಯನ್ನು ಹೇಳುವುದೆಂದು ಉತ್ತರಾಧಿಕಾರಿಗಳು ಭಾವಿಸುವುದು ಸಹಜ. ಆದರೆ ಓಲೆಯ ಪ್ರತಿಯೊಂದು ಹುಳು ಹಿಡಿಯದೆ ಉಳಿದಿರುವುದು ಬೇರೆ, ಅದರೊಳಗಿನ ಪಾಠದ ಯೋಗ್ಯತೆ ಬೇರೆ. ನಾಣ್ಯದ ದರ್ಜೆಗೂ ಮೌಲ್ಯಕ್ಕೂ ಇರುವ ಸಂಬಂಧ ಹೆಚ್ಚುಕಡಮೆ ಇಂಥದೇ.

ಈ ಅಂಕಿಯ ಪೂರ್ವೋತ್ತರವನ್ನು ನೋಡಿದರೆ, ಮೇಲೆ ಹೇಳಿದ ಭ್ರಮೆಗೆ ಕಾರಣವೂ ತಿಳಿದುಬರುತ್ತದೆ. ಅಮೆರಿಕದ ವಿಲಿಯಂ ಷೆಲ್ಡನ್ ಎಂಬ ವಿದ್ವಾಂಸನು ೧೯೪೯ರಲ್ಲಿ, ೧೭೯೩ರಿಂದ ೧೮೧೪ರ ವರೆಗಿನ ತನ್ನ ದೇಶದ ತಾಮ್ರದ ಸೆಂಟುಗಳನ್ನು ಕುರಿತು ಬರೆದ ಗ್ರಂಥದಲ್ಲಿ, ೧ರಿಂದ ೭೦ರ ವರೆಗಿನ ಶ್ರೇಣಿಯೊಂದನ್ನು ಕಲ್ಪಿಸಿದನು. ಅವನ ಉದ್ದೇಶ ಬೆಲೆಕಟ್ಟುವುದೇ ಆಗಿತ್ತು. ಪ್ರತಿಯೊಂದು ಬಗೆಯ ಸೆಂಟಿಗೂ ಒಂದು ಮೂಲಬೆಲೆ. ಅದನ್ನು ದರ್ಜೆಯ ಅಂಕಿಯಿಂದ ಗುಣಿಸಿದರೆ ನಾಣ್ಯದ ಬೆಲೆ. ಮೂಲಬೆಲೆ ಎರಡು ಡಾಲರಾಗಿ ದರ್ಜೆ ಇಪ್ಪತ್ತಾದರೆ ನಾಣ್ಯಕ್ಕೆ ನಲವತ್ತು ಡಾಲರು. ಕಾಲಕ್ರಮದಲ್ಲಿ ಪೇಟೆಯ ಬೆಲೆಗಳು ಈ ಗುಣಾಕಾರವನ್ನು ಮೀರಿ ನಡೆದುವು. ಸೂತ್ರವು ಬಿದ್ದುಹೋಯಿತು, ಅಂಕಿ ಮಾತ್ರ ಉಳಿಯಿತು. ೧೯೮೬ರಲ್ಲಿ ಕೆಲಸವನ್ನಾರಂಭಿಸಿದ ಪಿ. ಸಿ. ಜಿ. ಎಸ್., ೧೯೮೭ರಲ್ಲಿ ಸ್ಥಾಪಿತವಾದ ಎನ್. ಜಿ. ಸಿ. ಎಂಬ ಅಮೆರಿಕದ ಸಂಸ್ಥೆಗಳು ಅದೇ ಶ್ರೇಣಿಯನ್ನು ಎಲ್ಲ ದೇಶಗಳ ನಾಣ್ಯಗಳಿಗೂ ಅನ್ವಯಿಸಿದುವು.

ಈಗ ಆ ಅಂಕಿಯು ತಿಳಿಸುವುದು ನಾಣ್ಯದ ಸ್ಥಿತಿಯನ್ನಷ್ಟೆ. ೬೦ ಮತ್ತು ಅದಕ್ಕೆ ಮೇಲ್ಪಟ್ಟ ದರ್ಜೆಗಳು ಚಲಾವಣೆಯಲ್ಲಿ ಸವೆಯದ ನಾಣ್ಯಗಳಿಗೆ ಸಲ್ಲುತ್ತವೆ. ಅದಕ್ಕಿಂತ ಕೆಳಗಿನವು ಸವೆತದ ಪ್ರಮಾಣವನ್ನು ಸೂಚಿಸುತ್ತವೆ. ಕೋಶದಿಂದಾಗುವ ಮತ್ತೊಂದು ಪ್ರಯೋಜನವೆಂದರೆ, ನಾಣ್ಯವು ಖೋಟಾ ಅಲ್ಲವೆಂಬ ಪರೀಕ್ಷಕರ ಅಭಿಪ್ರಾಯ. ಆದರೆ ಕೋಶಕ್ಕೂ ಖೋಟಾ ಉಂಟಾದಕಾರಣ, ಚೀಟಿಯ ಮೇಲಿನ ಸಂಖ್ಯೆಯನ್ನು ಸಂಸ್ಥೆಯ ದಾಖಲೆಯೊಡನೆ ತಾಳೆನೋಡುವುದು ಮೊದಲನೆಯ ಕರ್ತವ್ಯ. ಉಜ್ಜಿ ಬೆಳಗಿದ, ಕೊಂಡಿ ಬೆಸೆದು ತೆಗೆದ ನಾಣ್ಯಗಳಿಗೆ ಸಾಮಾನ್ಯವಾಗಿ ಅಂಕಿಯನ್ನೇ ಕೊಡದೆ ದೋಷವನ್ನು ಮಾತಿನಲ್ಲಿ ನಮೂದಿಸುತ್ತಾರೆ. ಹುಣಿಸೆಹಣ್ಣಿನಿಂದ ಬೆಳ್ಳಿಯನ್ನು ಬೆಳಗುವ ಮನೆಯ ವಾಡಿಕೆ ಪೂಜಾಪಾತ್ರೆಗೆ ಭೂಷಣ. ನಾಣ್ಯಕ್ಕೆ ಅದು ಮತ್ತೆ ಸರಿಪಡಿಸಲಾಗದ ಹಾನಿ.

ಸ್ಥಿತಿಯು ತಿಳಿದಮೇಲೆ ವಿಚಾರಿಸತಕ್ಕದ್ದು ನಾಣ್ಯದ ಜಾತಿಯನ್ನು. ನಾಣ್ಯದ ಮೇಲಿನ ವರ್ಷವು ಅದು ಅಚ್ಚಾದ ವರ್ಷವೇ ಆಗಿರಬೇಕೆಂಬ ನಿಯಮವಿಲ್ಲ. ವಿಕ್ಟೋರಿಯ ರಾಣಿಯ ರೂಪಾಯಿಗಳಲ್ಲಿ, ೧೮೭೪ರಲ್ಲಿ ನಿಜವಾದ ವರ್ಷವನ್ನು ಕಾಣಿಸಲು ತೊಡಗುವ ವರೆಗೆ, ೧೮೬೨ ಎಂಬ ಒಂದೇ ವರ್ಷ ಅಚ್ಚಾಗುತ್ತ ಬಂದಿತು; ಮುಂಬಯಿಯ ಟಂಕಸಾಲೆಯ ರೂಪಾಯಿಗಳಲ್ಲಿ ಸಣ್ಣ ಬಿಂದುಗಳನ್ನೆಣಿಸಿ ಕಾಲವನ್ನು ಊಹಿಸಬೇಕು. ಆದುದರಿಂದ ೧೮೬೨ ಎಂಬ ಬರೆಹವುಳ್ಳ ಎರಡು ರೂಪಾಯಿಗಳಲ್ಲಿ ಒಂದು ಸರ್ವಸಾಮಾನ್ಯವೂ ಇನ್ನೊಂದು ವಿರಳವೂ ಆಗಬಹುದು. ಇದಲ್ಲದೆ ಹಳೆಯ ಅಚ್ಚುಗಳಿಂದ ಸಂಗ್ರಾಹಕರಿಗಾಗಿ ಟಂಕಸಾಲೆಗಳೇ ಮುಂದೆ ತೆಗೆದ ಮರುಮುದ್ರಣಗಳೂ ಉಂಟು. ಇವು ಖೋಟಾ ಅಲ್ಲ, ಮೂಲವೂ ಅಲ್ಲ; ಇವುಗಳ ಬೆಲೆಯೇ ಬೇರೆ.

ಮೂರನೆಯದು ವಿರಳತೆ. ಎಷ್ಟು ಅಚ್ಚಾಯಿತೆಂಬುದಕ್ಕಿಂತ ಎಷ್ಟು ಉಳಿಯಿತೆಂಬುದೇ ಇಲ್ಲಿ ಮುಖ್ಯ. ೧೯೧೧ರ ಐದನೆಯ ಜಾರ್ಜ್ ದೊರೆಯ ರೂಪಾಯಿಯಲ್ಲಿ ಆತನ ಉಡುಪಿನ ಮೇಲಿದ್ದ ಪುಟ್ಟ ಆನೆಯು ಮೊಟಕು ಸೊಂಡಿಲಿನಿಂದ ಹಂದಿಯಂತೆ ಕಂಡಿತೆಂದು ಜನರು ಆಕ್ಷೇಪಿಸಿದರು. ಅಚ್ಚಾದದ್ದು ಸುಮಾರು ೯೪ ಲಕ್ಷ; ಚಲಾವಣೆಗೆ ಬಂದದ್ದು ಸುಮಾರು ೭ ಲಕ್ಷ. ಉಳಿದುವನ್ನು ಕರಗಿಸಿ, ೧೯೧೨ರಲ್ಲಿ ಚಿತ್ರವನ್ನು ತಿದ್ದಿದರು. ೧೯೩೯ರ ಆರನೆಯ ಜಾರ್ಜನ ರೂಪಾಯಿ ಲಕ್ಷಗಟ್ಟಲೆ ಅಚ್ಚಾಯಿತು, ಉಳಿದುಬಂದದ್ದು ಅತ್ಯಲ್ಪ. ೨೦ರ ದರ್ಜೆಯ ೧೯೩೯ರ ರೂಪಾಯಿಯೊಂದು, ೪೫ರ ದರ್ಜೆಯ ೧೮೬೨ರ ಸಾಮಾನ್ಯ ರೂಪಾಯಿಗಿಂತ ಎಷ್ಟೋ ಪಾಲು ಹೆಚ್ಚು ಬೆಲೆಬಾಳುವುದಕ್ಕೆ ಇದೇ ಕಾರಣ. ಅಂಕಿಗಳನ್ನಷ್ಟೇ ಹೋಲಿಸಿ ಪಾಲುಮಾಡಿದ ಸೋದರರಲ್ಲಿ ಒಬ್ಬನಿಗೆ ಅನ್ಯಾಯವಾಗುವುದು ನಿಶ್ಚಯ.

ಲೋಹದ ಬೆಲೆಯು ಈ ಗಣನೆಗೆ ತಳಹದಿ ಮಾತ್ರ. ೧೮೩೫ರಿಂದ ೧೯೩೯ರ ವರೆಗಿನ ರೂಪಾಯಿಯ ತೂಕ ೧೮೦ ಗ್ರೇನು. ಅದರಲ್ಲಿ ಹನ್ನೆರಡರಲ್ಲಿ ಹನ್ನೊಂದು ಪಾಲು, ಎಂದರೆ ೧೬೫ ಗ್ರೇನು, ಶುದ್ಧವಾದ ಬೆಳ್ಳಿ. ಚಿನಿವಾರನು ನೋಡುತ್ತಿದ್ದುದು ಇದನ್ನೇ. ಹದಿನೆಂಟನೆಯ ಶತಮಾನದ ಬಂಗಾಳದಲ್ಲಿ ಸಿಕ್ಕಾ ರೂಪಾಯಿಗೆ ವರ್ಷ ಕಳೆದಂತೆ ವಟ್ಟ ಕಡಿಯುತ್ತಿದ್ದರು. ಹಳೆಯದಾಗುವುದೆಂದರೆ ಬೆಲೆ ತಗ್ಗುವುದೆಂದೇ ಅರ್ಥವಾಗಿತ್ತು. ಹಳೆಯದಾದ ಮಾತ್ರಕ್ಕೆ ನಾಣ್ಯವು ಬೆಲೆಯುಳ್ಳದ್ದಾಗುವುದೆಂಬ ಇಂದಿನ ನಂಬಿಕೆಗೂ ಆಧಾರವಿಲ್ಲ.

ಕಡೆಯದಾಗಿ, ಯಾವ ಬೆಲೆ ಎಂಬ ಪ್ರಶ್ನೆ. ಪಟ್ಟಿಗಳಲ್ಲಿ ಅಚ್ಚಾದದ್ದು ಕೇಳುವ ಬೆಲೆ; ವ್ಯಾಪಾರಿಯು ಕೊಡುವುದು ಅದಕ್ಕಿಂತ ಕಡಮೆ; ಹರಾಜಿನಲ್ಲಿ ಕೊಳ್ಳುವವನು ತೆರುವ ಮೊತ್ತದಲ್ಲಿ ದಲ್ಲಾಳಿಯ ಪಾಲು ಸೇರಿರುತ್ತದೆ. ಆಸ್ತಿ ವಿಭಾಗಕ್ಕಾಗಿ ಬೆಲೆಕಟ್ಟುವಲ್ಲಿ, ಅದೇ ಜಾತಿಯ, ಅದೇ ದರ್ಜೆಯ ನಾಣ್ಯಗಳು ಇತ್ತೀಚಿನ ಹರಾಜುಗಳಲ್ಲಿ ನಿಜವಾಗಿ ತಂದ ಬೆಲೆಗಳನ್ನು ಕೂಡಿಸಿಕೊಂಡು, ಮಾರಾಟದ ವೆಚ್ಚವನ್ನು ಕಳೆದು ಎಣಿಸುವುದು ನ್ಯಾಯ. ವಿದೇಶದ ಬೆಲೆಗಳನ್ನು ಇಲ್ಲಿಗೆ ಹಾಗೆಯೇ ಅನ್ವಯಿಸಲಾಗದು. ೧೯೭೨ರ ಪ್ರಾಚೀನ ವಸ್ತುಗಳ ಕಾನೂನಿನಂತೆ ನೂರು ವರ್ಷ ತುಂಬಿದ ನಾಣ್ಯವು ಪ್ರಾಚೀನ ವಸ್ತು. ಖಾಸಗಿಯವರು ಅದನ್ನು ಭಾರತದಿಂದ ಹೊರಕ್ಕೆ ಕಳುಹಿಸುವಂತಿಲ್ಲ. ೧೯೧೧ರ ರೂಪಾಯಿ ಈ ಮಿತಿಗೆ ಒಳಪಟ್ಟಿದೆ. ೧೯೩೯ರದಕ್ಕೆ ನೂರು ತುಂಬುವುದು ೨೦೩೯ರಲ್ಲಿ.

ಬೆಲೆಗೆ ಸೇರದಿದ್ದರೂ ಶಾಸ್ತ್ರಕ್ಕೆ ಸೇರುವ ಅಂಶವೊಂದು ಉಳಿಯಿತು. ನಾಣ್ಯವು ಯಾರಿಂದ, ಯಾವ ಊರಿನಲ್ಲಿ, ಯಾವ ಇತರ ನಾಣ್ಯಗಳೊಡನೆ ಮನೆಗೆ ಬಂದಿತೆಂಬುದು ಯಾವ ಚೀಟಿಯಲ್ಲಿಯೂ ಇರುವುದಿಲ್ಲ. ಅದು ಹಿರಿಯರ ನೆನಪಿನಲ್ಲಿ ಮಾತ್ರ ಇರುತ್ತದೆ. ದರ್ಜೆಯನ್ನು ಮತ್ತೊಮ್ಮೆ ಕಟ್ಟಿಸಬಹುದು, ಬೆಲೆಯನ್ನು ಮತ್ತೊಮ್ಮೆ ವಿಚಾರಿಸಬಹುದು. ನೆನಪುಳ್ಳವರು ತೀರಿಹೋದಮೇಲೆ ಆ ವೃತ್ತಾಂತವನ್ನು ಪಡೆಯಲು ಉಪಾಯವಿಲ್ಲವಾದ್ದರಿಂದ, ಬೆಲೆಕಟ್ಟಿಸುವುದಕ್ಕೆ ಮೊದಲೇ ಅದನ್ನು ಬರೆದಿಟ್ಟುಕೊಳ್ಳುವುದು ಉಚಿತ.