ನಿಮಗಿದು ಗೊತ್ತೆ?: ಮನೆ, ಬನ, ಕಡಲು ಕಾಯುವ ದೈವಗಳು
ಪ್ರಾಚೀನ ರೋಮನ್ನರು ಮನೆ ಕಾಯುವ ಲಾರೆಸ್ ದೇವತೆಗಳಿಗೆ ಮನೆಯೊಳಗೇ ಪುಟ್ಟ ಗುಡಿ ಕಟ್ಟುತ್ತಿದ್ದರು. ಕಾಡು ಮತ್ತು ಹೊಲದ ಗಡಿ ಸಿಲ್ವಾನಸ್‌ನ ರಕ್ಷಣೆಯಲ್ಲಿತ್ತು. ಶಾಂಭವಿ ನದಿ ಕಡಲು ಸೇರುವ ಹೆಜಮಾಡಿಯೂ ಸೇರಿದಂತೆ ತುಳುನಾಡಿನಲ್ಲಿ ಇಂಥ ನಂಬಿಕೆ ಇಂದಿಗೂ ಜೀವಂತ.

ಊರಿನ ಹಿರಿಯ ಮನೆತನವಾದ ಗುತ್ತಿನ ಮನೆಯ ಚಾವಡಿಯಲ್ಲಿ ದೈವಕ್ಕೆ ತೂಗುಮಂಚವಿರುತ್ತದೆ. ಕಾಡುಹಂದಿ ರೂಪದ ಪಂಜುರ್ಲಿ ಬೆಳೆ ಕಾಯುತ್ತದೆ, ಗುಳಿಗ ಕ್ಷೇತ್ರಪಾಲ. ಕಡಲಿಗಿಳಿಯುವ ಮೀನುಗಾರ ಮೊಗವೀರರನ್ನು ಕಾಯುವವನು ಬೊಬ್ಬರ್ಯ. ತುಳು ಜನಪದ ಹಾಡಾದ ಪಾಡ್ದನದ ಪ್ರಕಾರ ಅವನ ತಂದೆ ಒಬ್ಬ ಬ್ಯಾರಿ (ಮುಸ್ಲಿಂ) ವರ್ತಕ! ಮೊಗವೀರರು ಅವನಿಗೆ ಭಕ್ತಿಯಿಂದ ಕೋಲ (ದೈವಾರಾಧನೆಯ ಉತ್ಸವ) ಕೊಡುತ್ತಾರೆ. ಕರಾವಳಿಯ ಈ ಸೌಹಾರ್ದ ಹೆಮ್ಮೆಪಡುವಂಥದ್ದು.

ಇನ್ನು ನಾಗದೇವರಿಗೆ ಮೀಸಲಾದ ನಾಗಬನ. ಅಲ್ಲಿ ಕೊಂಬೆ ಕಡಿಯಬಾರದೆಂಬ ಕಟ್ಟುಪಾಡಿನಿಂದಲೇ ಎಷ್ಟೋ ಹಳೆಯ ಮರ, ಬಳ್ಳಿಗಳು ಉಳಿದಿವೆ. ಜೀರ್ಣೋದ್ಧಾರದ ಹೆಸರಿನಲ್ಲಿ ದಯವಿಟ್ಟು ಬನಕ್ಕೆ ಕಾಂಕ್ರೀಟ್ ಹಾಕಬೇಡಿ.