ನಿಮಗಿದು ಗೊತ್ತೆ? ಸೆನ್ಸರ್ ಬಾರ್‌ನಲ್ಲಿ ಸೆನ್ಸರೇ ಇಲ್ಲ!

ಕೈ ಬೀಸಿ ಆಡುವ ನಿಂಟೆಂಡೊ 'ವೀ' ವಿಡಿಯೊ ಗೇಮ್ ಜೊತೆ ಟಿ.ವಿ. ಮೇಲಿಡಲು 'ಸೆನ್ಸರ್ ಬಾರ್' ಎಂಬ ಪಟ್ಟಿ ಬರುತ್ತಿತ್ತು. ಅದು ಏನನ್ನೂ ಗ್ರಹಿಸುವುದಿಲ್ಲ! ಅದರ ಎರಡೂ ತುದಿಯಲ್ಲಿರುವುದು ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು ಬೀರುವ ಪುಟ್ಟ ಎಲ್‌ಇಡಿಗಳು, ಅಷ್ಟೆ. ಆ ಬೆಳಕನ್ನು ನೋಡುವ ಕ್ಯಾಮೆರಾ ಇರುವುದು ಆಟಗಾರನ ಕೈಯಲ್ಲಿರುವ ರಿಮೋಟಿನ ತುದಿಯಲ್ಲಿ. ಪಟ್ಟಿಯ ಬದಲು ಸ್ವಲ್ಪ ಅಂತರದಲ್ಲಿ ಎರಡು ಮೇಣದಬತ್ತಿ ಹಚ್ಚಿಟ್ಟರೂ ರಿಮೋಟ್ ತೋರಿಸಿದತ್ತ ಪರದೆಯ ಗುರುತು ಓಡುತ್ತದೆ. ಜ್ವಾಲೆಯಲ್ಲೂ ಇನ್‌ಫ್ರಾರೆಡ್ ಇದೆಯಲ್ಲ! ಕಿಟಕಿಯಿಂದ ಬಿಸಿಲು ಬಿದ್ದರೆ ರಿಮೋಟಿಗೆ ಗಲಿಬಿಲಿಯಾಗುವುದೂ ಇದೇ ಕಾರಣಕ್ಕೆ.

2006ರಲ್ಲಿ ಬಂದ ಈ ರಿಮೋಟಿಗೆ ಇನ್ನೂ ದೊಡ್ಡ ಮಿತಿಯೊಂದಿತ್ತು. ಅದರೊಳಗಿನ ಆಕ್ಸೆಲೆರೊಮೀಟರ್ ಅಳೆಯುವುದು ವೇಗ ಬದಲಾಗುವುದನ್ನು ಮಾತ್ರ. ಕೈ ಎಲ್ಲಿದೆ, ಮಣಿಕಟ್ಟು ಹೇಗೆ ತಿರುಗಿದೆ ಎಂಬುದು ಅದಕ್ಕೆ ಸರಿಯಾಗಿ ತಿಳಿಯದು. ಹಾಗಾಗಿ 'ವೀ ಸ್ಪೋರ್ಟ್ಸ್' ಟೆನಿಸ್‌ನಲ್ಲಿ ಮೈಮುರಿದು ಬೀಸಬೇಕಿಲ್ಲ. ಸೋಫಾದಲ್ಲಿ ಕೂತೇ ಮಣಿಕಟ್ಟನ್ನು ಫಟ್ಟನೆ ಕೊಡವಿದರೂ ಚೆಂಡು ಆಚೆ ಹೋಗುತ್ತದೆ!

ತಿರುವನ್ನು ಅಳೆಯುವ ಗೈರೊಸ್ಕೋಪ್ ಬಂದದ್ದು 2009ರಲ್ಲಿ. ಅದೂ ರಿಮೋಟಿನ ಬುಡಕ್ಕೆ ಸಿಕ್ಕಿಸುವ 'ಮೋಷನ್‌ಪ್ಲಸ್' ಎಂಬ ಬೇರೆ ತುಂಡಾಗಿ. ಆಗ ಕತ್ತಿಯ ಆಟದಲ್ಲಿ ಓರೆ ಹೊಡೆತ, ನೇರ ಹೊಡೆತಗಳ ವ್ಯತ್ಯಾಸ ನಿಜಕ್ಕೂ ಸಿಕ್ಕಿತು. ಆದರೆ ಎದುರಾಳಿಯ ಕತ್ತಿಗೆ ನಿಮ್ಮ ಕತ್ತಿ ಬಡಿದು ನಿಂತರೂ ನಿಮ್ಮ ಕೈ ಮಾತ್ರ ಗಾಳಿಯಲ್ಲಿ ಮುಂದೆ ಸಾಗುತ್ತದೆ. ಅದನ್ನು ತಡೆಯುವ ಶಕ್ತಿ ರಿಮೋಟಿಗಿಲ್ಲ. ಅದು ಕೊಡಬಲ್ಲದ್ದು ಸಣ್ಣ ನಡುಕವೊಂದನ್ನೇ.